3ಡಿ ಪಾತ್ರ, ಕೈಯಲ್ಲಿ ಬಿಡಿಸಿದ ನೋಟ: ನನ್ನ ಅನುಭವ

ವಯಸ್ಕರಿಗಾಗಿ ಬರುವ ಸೈನ್ಸ್ ಫಿಕ್ಷನ್ ಅನಿಮೇಷನ್ ಸಂಕಲನಗಳಿಗೆ ಇಂಥದ್ದೇ ಶೈಲಿ ಅಂತ ಇಲ್ಲ. 2019ರಲ್ಲಿ ಶುರುವಾದ 'ಲವ್, ಡೆತ್ ಅಂಡ್ ರೋಬಾಟ್ಸ್'ನಲ್ಲಿ ಒಂದು ಕಂತು ಫೋಟೊದ ಹಾಗಿದ್ದರೆ ಇನ್ನೊಂದರಲ್ಲಿ ಬರೀ ಚಪ್ಪಟೆ ಬಣ್ಣ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ನಾನು ಮಾಡಿದ್ದು ಈ ಚಪ್ಪಟೆ ಬಗೆಯದು.

ಮೊದಲು ಬಣ್ಣ. ಬಿಳಿ ಡಿಫ್ಯೂಸ್ ಶೇಡರ್ (ಬೆಳಕು ಬಿದ್ದಾಗ ಮೇಲ್ಮೈ ಹೇಗೆ ಕಾಣಬೇಕೆಂದು ಹೇಳುವುದು), ಅದರ ಮುಂದೆ 'ಶೇಡರ್ ಟು ಆರ್‌ಜಿಬಿ' ನೋಡ್ (ಆ ಬೆಳಕನ್ನು ಬಣ್ಣವಾಗಿ ಬದಲಿಸುವ ಕೊಂಡಿ), ಆಮೇಲೆ ಬೆಳಕಿನ ಮಟ್ಟಕ್ಕೆ ತಕ್ಕ ಬಣ್ಣ ಕೊಡುವ ಕಲರ್ ರ‍್ಯಾಂಪ್. ರ‍್ಯಾಂಪ್ 'ಕಾನ್‌ಸ್ಟಂಟ್' ಇರಬೇಕು, ಅಂದರೆ ಬಣ್ಣಗಳು ಬೆರೆಯದೆ ಥಟ್ಟನೆ ಬದಲಾಗಬೇಕು. ನೆರಳು, ನಡು, ಬೆಳಕು ಎಂದು 3 ಬಣ್ಣ ಸಾಕು. ಇದು ಬ್ಲೆಂಡರಿನಲ್ಲಿ ಚಿತ್ರ ಮೂಡಿಸುವ ಈವೀ ರೆಂಡರಿನ ಉಪಾಯ, ಇನ್ನೊಂದು ರೆಂಡರ್ ಆದ ಸೈಕಲ್ಸ್‌ನಲ್ಲಿ ನಡೆಯುವುದಿಲ್ಲ. ದೀಪ ಒಂದೇ, ಸೂರ್ಯನಂತೆ ಒಂದೇ ದಿಕ್ಕಿನಿಂದ ಬೆಳಗುವ 'ಸನ್'. ಎರಡನೆಯದನ್ನು ಇಟ್ಟರೆ ಎರಡರ ಬೆಳಕೂ ಕೂಡಿಕೊಂಡು ನೆರಳಿನ ಅಂಚು ಎಲ್ಲೆಲ್ಲೋ ಹರಿಯುತ್ತದೆ. ನಿಯಾನ್ ಹೊಳಪನ್ನು ಎಮಿಷನ್ (ತಾನೇ ಬೆಳಗುವ ಬಣ್ಣ) ಆಗಿ ಬೇರೆ ಸೇರಿಸಿದೆ. ಬಣ್ಣವನ್ನು ತೆರೆಗೆ ಹೊಂದಿಸುವ ವ್ಯೂ ಟ್ರಾನ್ಸ್‌ಫಾರ್ಮ್ 'ಸ್ಟ್ಯಾಂಡರ್ಡ್' ಮಾಡಲು ಮರೆತರೆ ಆರಿಸಿದ ಕೆಂಪು ಮಾಸಲಾಗಿ ಬರುತ್ತದೆ.

ಮುಖದ ನೆರಳು ಹರಕು ಹರಕಾಗಿ ಬೀಳುವುದು ಮೆಶ್‌ನ (ಪಾತ್ರದ ಆಕಾರ ಕಟ್ಟುವ ಜಾಲ) ಏರುತಗ್ಗಿನಿಂದ. ಸರಳವಾದ ಗೋಳವೊಂದರ ನಾರ್ಮಲ್‌ಗಳನ್ನು (ಮೇಲ್ಮೈ ಯಾವ ಕಡೆ ಮುಖಮಾಡಿದೆ ಎಂಬ ದಿಕ್ಕು) ಡೇಟಾ ಟ್ರಾನ್ಸ್‌ಫರ್ ಮಾಡಿಫೈಯರ್‌ನಿಂದ ಮುಖಕ್ಕೆ ತಂದರೆ ಅಂಚು ಶುದ್ಧವಾಗುತ್ತದೆ. ಮೂಗನ್ನು ವರ್ಟೆಕ್ಸ್ ಗ್ರೂಪ್ (ಮೆಶ್‌ನಲ್ಲಿ ಆರಿಸಿದ ಬಿಂದುಗಳ ಗುಂಪು) ಹಾಕಿ ಹೊರಗಿಡಿ, ಇಲ್ಲದಿದ್ದರೆ ಮೂಗೇ ಕಾಣುವುದಿಲ್ಲ.

ನಿಜವಾದ ಕಷ್ಟ ಚಲನೆಯಲ್ಲಿ. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಭಂಗಿ 2 ಫ್ರೇಮ್ ನಿಲ್ಲಬೇಕು. ಮೋಷನ್ ಬ್ಲರ್ (ಚಲನೆಯ ಮಸುಕು) ಇಲ್ಲ. ಅದಕ್ಕೆ ಚಲನೆಯ ಗೆರೆಗಳನ್ನು ತೋರಿಸುವ ಗ್ರಾಫ್ ಎಡಿಟರಿನಲ್ಲಿ, ಭಂಗಿಯನ್ನು ತಡೆಹಿಡಿಯುವ 'ಸ್ಟೆಪ್ಡ್ ಇಂಟರ್‌ಪೊಲೇಷನ್', ಸ್ಟೆಪ್ 2. ಕೀಗಳು (ಭಂಗಿ ನಮೂದಿಸಿದ ಗುರುತುಗಳು) 1, 3, 5 ಹೀಗೆ ಬೆಸ ಫ್ರೇಮುಗಳಲ್ಲಿದ್ದರೆ ಆಫ್‌ಸೆಟ್ (ಸ್ಟೆಪ್ ಎಣಿಕೆ ಶುರುವಾಗುವ ಫ್ರೇಮ್) 1 ಕೊಡಿ. ಇಲ್ಲವಾದರೆ ಗುದ್ದು ತಗುಲುವ ತುತ್ತತುದಿಯ ಭಂಗಿ ತೆರೆಗೆ ಬರುವುದೇ ಇಲ್ಲ, ಹೊಡೆತ ಸಪ್ಪೆಯಾಗುತ್ತದೆ.

ಓಡುವ ಪಾತ್ರದ ಜೊತೆಗೇ ಕ್ಯಾಮೆರಾ ಸಾಗುವಾಗ ಇನ್ನೊಂದು ತೊಂದರೆ: ಕ್ಯಾಮೆರಾ ಪ್ರತಿ ಫ್ರೇಮಿಗೂ ಜರುಗುತ್ತದೆ, ಪಾತ್ರ 2 ಫ್ರೇಮಿಗೊಮ್ಮೆ. ಪಾತ್ರ ಹಿಂದೆ ಮುಂದೆ ನಡುಗಿದಂತೆ ಕಾಣುತ್ತದೆ. ಅಂಥ ಶಾಟುಗಳಲ್ಲಿ ರಿಗ್‌ನ (ಪಾತ್ರವನ್ನು ಆಡಿಸುವ ಅಸ್ಥಿಪಂಜರ) ರೂಟ್ ಮೂಳೆಯ ಸ್ಥಾನಾಂತರವನ್ನು ಪ್ರತಿ ಫ್ರೇಮಿಗೂ ಬಿಟ್ಟು, ಕೈಕಾಲಿನ ಭಂಗಿಗೆ ಮಾತ್ರ ಸ್ಟೆಪ್ ಹಾಕಿದೆ. ಪಾದ ಕೊಂಚ ಜಾರುತ್ತದೆ, ನಿಜ. ಪಾದ ಚೌಕಟ್ಟಿನೊಳಗಿದ್ದರೆ ಕ್ಯಾಮೆರಾಗೇ ಸ್ಟೆಪ್ 2 ಕೊಡುವುದು ವಾಸಿ.

ಬಟ್ಟೆಯ ಸಿಮ್ಯುಲೇಷನ್ನನ್ನು (ಕಂಪ್ಯೂಟರ್ ಲೆಕ್ಕಹಾಕುವ ಚಲನೆ) ಸ್ಟೆಪ್ ಹಾಕಿದ ಮೈ ಮೇಲೆ ಓಡಿಸಬೇಡಿ. ಮೈ ಜಿಗಿದಾಗಲೆಲ್ಲ ಕೋಟು ಅದರೊಳಗೆ ನುಗ್ಗಿ ಸಿಡಿಯುತ್ತದೆ. ಮೊದಲು ಸ್ಟೆಪ್ ತೆಗೆದು ನಯವಾದ ಚಲನೆಯಲ್ಲೇ ಸಿಮ್ಯುಲೇಟ್ ಮಾಡಿ, ಅಲೆಂಬಿಕ್ (ಫ್ರೇಮ್ ಫ್ರೇಮಿನ ಆಕಾರ ಉಳಿಸುವ ಕ್ಯಾಶ್ ಫೈಲ್) ಆಗಿ ಉಳಿಸಿ, ವಾಪಸ್ ತಂದು, ಆ ಕ್ಯಾಶ್ ಫೈಲಿನ ಫ್ರೇಮ್ ಸಂಖ್ಯೆಗೇ ಕೀ ಕೊಟ್ಟು ಅದೇ ಸ್ಟೆಪ್, ಅದೇ ಆಫ್‌ಸೆಟ್ ಹಾಕಿ. ಆಗ ಕೋಟೂ ಮೈಯೂ ಒಂದೇ ಫ್ರೇಮಿನಲ್ಲಿ ಬದಲಾಗುತ್ತವೆ.