ಓಝೋನಿನ ಬಂಧ: ಕಾಗದದ ಲೆಕ್ಕದಿಂದ ಲ್ಯಾಪ್‌ಟಾಪಿನವರೆಗೆ

ಮಡಿಕೇರಿಯ ಡಿಗ್ರಿ ತರಗತಿಯಲ್ಲಿ ಮೂರು ಪರಮಾಣುವಿನ ಅಣುಗಳ ಬಂಧ ಹೇಳಿಕೊಡುವಾಗ ನಾನು ನೀರನ್ನು ಬಿಟ್ಟು ಓಝೋನ್ ಹಿಡಿಯುತ್ತೇನೆ. ನೀರಿಗೆ ಯಾವ ಮಾದರಿ ಹಾಕಿದರೂ ಉತ್ತರ ಹೆಚ್ಚುಕಡಿಮೆ ಸರಿಯೇ ಬರುವುದರಿಂದ ಮಾದರಿಯ ಹುಳುಕು ಕಾಣುವುದಿಲ್ಲ. ಓಝೋನಿನಲ್ಲಿ ಮೂರೂ ಒಂದೇ ಜಾತಿಯ ಪರಮಾಣು, ಆದರೂ 0.53 ಡಿಬೈ ಡೈಪೋಲ್ (ಚಾರ್ಜ್ ಒಂದು ಕಡೆಗೆ ಎಷ್ಟು ವಾಲಿದೆ ಎಂಬ ಅಳತೆ) ಇದೆ. ಬಂಧದ ಉದ್ದ 1.272 ಆಂಗ್‌ಸ್ಟ್ರಾಮ್, ಕೋನ 116.8 ಡಿಗ್ರಿ. ಈ ಮೂರು ಅಂಕಿ ಬೋರ್ಡಿನ ಮೂಲೆಯಲ್ಲಿ ಕೊನೆಯವರೆಗೂ ಇರಬೇಕು.

ಮೊದಲು ಹ್ಯೂಕಲ್ ಲೆಕ್ಕ, ಅಂದರೆ ಪೈ ಎಲೆಕ್ಟ್ರಾನುಗಳನ್ನಷ್ಟೇ ನೋಡುವ ಕಾಗದದ ಲೆಕ್ಕ. ಅಣುವಿನ ಸಮತಲಕ್ಕೆ ಲಂಬವಾಗಿ ನಿಂತ ಮೂರು ಪಿ ಕಕ್ಷಕಗಳು, ನಾಲ್ಕು ಎಲೆಕ್ಟ್ರಾನು: ನಡುವಿನ ಪರಮಾಣು ಎರಡು ಕೊಡುತ್ತದೆ, ತುದಿಯವು ಒಂದೊಂದು. ಆಲ್ಫಾ ಅಂದರೆ ಒಂದು ಪಿ ಕಕ್ಷಕದ ಶಕ್ತಿ, ಬೀಟಾ ಅಂದರೆ ಪಕ್ಕಪಕ್ಕದ ಎರಡು ಕಕ್ಷಕಗಳ ನಡುವಿನ ಬೆಸುಗೆಯ ಶಕ್ತಿ. ಮೂರಕ್ಕೂ ಒಂದೇ ಆಲ್ಫಾ ಇಟ್ಟರೆ ಮಟ್ಟಗಳು ಆಲ್ಫಾ + 1.414 ಬೀಟಾ, ಆಲ್ಫಾ, ಆಲ್ಫಾ − 1.414 ಬೀಟಾ. ಕೆಳಗಿನ ಎರಡು ತುಂಬಿದ ಮೇಲೆ ಪ್ರತಿ ಬಂಧದ ಪೈ ಬಂಧಕ್ರಮ (ಪೈ ಬಂಧದ ಬಲದ ಅಳತೆ) 0.707. ಹೆಚ್ಚಿನವರು ಇಲ್ಲಿಗೆ ಖುಷಿಯಾಗಿ ಪುಸ್ತಕ ಮುಚ್ಚುತ್ತಾರೆ. ಚಾರ್ಜ್ ಕೂಡ ಲೆಕ್ಕ ಹಾಕಿ: ನಡುವೆ +1, ತುದಿಗಳಲ್ಲಿ −0.5. ನಡುವಿನ ಪರಮಾಣುವಿಂದ ತುದಿಗಳನ್ನು ಸೇರಿಸುವ ಗೆರೆಗೆ ಇರುವ ದೂರ 1.272 × ಕೋಸೈನ್ 58.4, ಅಂದರೆ 0.667 ಆಂಗ್‌ಸ್ಟ್ರಾಮ್. ಡಿಬೈಗೆ ಬದಲಿಸಲು ಅದನ್ನು 4.803ರಿಂದ ಗುಣಿಸಿದರೆ 3.2 ಡಿಬೈ. ಅಳತೆಗಿಂತ ಆರು ಪಟ್ಟು!

ನಡುವಿನ ಪರಮಾಣು ಎಲೆಕ್ಟ್ರಾನನ್ನು ಹೆಚ್ಚು ಎಳೆಯುವಂತೆ ಅದಕ್ಕೆ ಆಲ್ಫಾ + ಬೀಟಾ ಇಟ್ಟು ನೋಡಿ. ನಡುವಿನ ಚಾರ್ಜ್ +0.667ಕ್ಕೆ, ಬಂಧಕ್ರಮವೂ 0.667ಕ್ಕೆ ಇಳಿಯುತ್ತದೆ, ಡೈಪೋಲ್ 2.1. ಇನ್ನೂ ನಾಲ್ಕು ಪಟ್ಟು ಜಾಸ್ತಿ. 0.53 ಬರುವವರೆಗೂ ಬೀಟಾದ ಗುಣಕ ಏರಿಸುತ್ತಾ ಹೋಗುವ ಆಸೆಯಾಗುತ್ತದೆ. ಹಾಗೆ ಮಾಡಬೇಡಿ. ಈ ಲೆಕ್ಕಕ್ಕೆ ಸಿಗ್ಮಾ ಬಂಧಗಳು ಕಾಣುವುದಿಲ್ಲ, ನಡುವಿನ ಪರಮಾಣುವಿನ ಒಂಟಿ ಜೋಡಿ ಎದುರು ದಿಕ್ಕಿಗೆ ಎಳೆಯುವುದೂ ಕಾಣುವುದಿಲ್ಲ. ಆ ಕೊರತೆಯನ್ನು ಒಂದು ಗುಣಕದಲ್ಲಿ ಅಡಗಿಸಿದರೆ ಅಂಕಿ ಸರಿಹೋದೀತು, ಅಣು ಅರ್ಥವಾಗದು.

ಮುಂದಿನದು ಪೈಎಸ್‌ಸಿಎಫ್, ಅಣುಗಳ ಎಲೆಕ್ಟ್ರಾನು ಲೆಕ್ಕ ಮಾಡುವ ಪೈಥಾನ್ ಪ್ರೋಗ್ರಾಂ. ಉಬುಂಟು ಹಾಕಿದ ಹಳೆಯ ಲ್ಯಾಪ್‌ಟಾಪ್ ಸಾಕು, ಸಿಸಿ-ಪಿವಿಡಿಝಡ್ ಎಂಬ ಬೇಸಿಸ್‌ನಲ್ಲಿ (ಕಕ್ಷಕಗಳನ್ನು ಕಟ್ಟುವ ಫಂಕ್ಷನ್‌ಗಳ ಗುಂಪು) ಒಟ್ಟು 42 ಫಂಕ್ಷನ್ ಅಷ್ಟೆ. ನಡುವಿನ ಪರಮಾಣು ಸೊನ್ನೆಯಲ್ಲಿ; ತುದಿಗಳು ಎಕ್ಸ್ = ±1.083, ವೈ = 0.667. ಯೂನಿಟ್ ಆಂಗ್‌ಸ್ಟ್ರಾಮ್ ಅಂತಲೇ ಇರಲಿ. ಬೋರ್ ಎಂಬ ಚಿಕ್ಕ ಯೂನಿಟ್ ಆದರೆ ಅಣು ಅರ್ಧದಷ್ಟಕ್ಕೆ ಕುಗ್ಗಿ ಶಕ್ತಿ ಎಲ್ಲೆಲ್ಲೋ ಹೋಗುತ್ತದೆ; ಸರಿಯಿದ್ದರೆ −224 ಹಾರ್ಟ್ರೀ ಆಸುಪಾಸು. 'ಸ್ಪಿನ್' ಅಂದರೆ ಇಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳ ಸಂಖ್ಯೆ, ಅದಕ್ಕೆ ಒಂದು ಕೂಡಿಸಿ ಬರುವ ಮಲ್ಟಿಪ್ಲಿಸಿಟಿ ಅಲ್ಲ. ಓಝೋನಿಗೆ 0. ಒಂದು ಅಂತ ಕೊಟ್ಟರೆ 24 ಎಲೆಕ್ಟ್ರಾನಿಗೆ ಹೊಂದದೆ ಅಲ್ಲೇ ಎರರ್. ಕಕ್ಕಡ ಮಾಸದ ಮಳೆಗೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ದೊಡ್ಡ ಬೇಸಿಸ್‌ನ ಲೆಕ್ಕಕ್ಕೆ ಚೆಕ್‌ಫೈಲ್ (ನಡುನಡುವೆ ಲೆಕ್ಕ ಉಳಿಸಿಡುವ ಫೈಲ್) ಕೊಟ್ಟಿದ್ದರೆ ಮತ್ತೆ ಮೊದಲಿಂದ ಶುರುಮಾಡುವ ಕಷ್ಟ ತಪ್ಪುತ್ತದೆ.

ಹಾರ್ಟ್ರಿ-ಫಾಕ್‌ನಲ್ಲಿ, ಅಂದರೆ ಎಲೆಕ್ಟ್ರಾನುಗಳ ಒಂದೇ ಜೋಡಣೆ ಹಿಡಿಯುವ ವಿಧಾನದಲ್ಲಿ, ಆಕಾರ ಆಪ್ಟಿಮೈಸ್ ಮಾಡಿದರೆ ಬಂಧ 1.20 ಆಂಗ್‌ಸ್ಟ್ರಾಮ್ ಹತ್ತಿರ ನಿಲ್ಲುತ್ತದೆ, ಆಕ್ಸಿಜನ್ ಅಣುವಿನ 1.208ರಷ್ಟು ಗಿಡ್ಡ. ಆಗ ಸ್ಟೆಬಿಲಿಟಿ ಪರೀಕ್ಷೆ ಮಾಡಿ, ಅಂದರೆ ಇದಕ್ಕಿಂತ ಕಡಿಮೆ ಶಕ್ತಿಯ ಇನ್ನೊಂದು ಉತ್ತರ ಇದೆಯೇ ಎಂದು ನೋಡಿ. ಸುಮ್ಮನೆ ಓಡಿಸಿದರೆ ಒಳಗಿನ ಸ್ಥಿರತೆಯನ್ನಷ್ಟೇ ನೋಡಿ ಎಲ್ಲ ಸರಿ ಎನ್ನುತ್ತದೆ. 'ಎಕ್ಸ್‌ಟರ್ನಲ್' ಆನ್ ಮಾಡಿದರೆ ಉತ್ತರ ಅಸ್ಥಿರ ಎಂದು ತಾನೇ ಬಾಯಿಬಿಡುತ್ತದೆ. ಎಲೆಕ್ಟ್ರಾನುಗಳನ್ನು ಒಂದೇ ಜೋಡಣೆಯಲ್ಲಿ ಕಟ್ಟಿಹಾಕಿದ್ದೇ ತಪ್ಪು. ಮಧ್ಯದ ಪೈ ಕಕ್ಷಕದ ಜೋಡಿ ಭಾಗಶಃ ಮೇಲಿನ ಪ್ರತಿಬಂಧಕ ಕಕ್ಷಕಕ್ಕೂ ಸೇರಬೇಕು, ಬಂಧ ಉದ್ದವಾಗುವುದು ಅದರಿಂದ.

ಅದಕ್ಕೆ ಸಿಎಎಸ್‌ಎಸ್‌ಸಿಎಫ್, ಅಂದರೆ ಆರಿಸಿದ ಕೆಲವು ಕಕ್ಷಕಗಳಲ್ಲಿ ಎಲ್ಲ ಜೋಡಣೆಗಳನ್ನೂ ಬೆರೆಸುವ ವಿಧಾನ: ನಾಲ್ಕು ಎಲೆಕ್ಟ್ರಾನು, ಮೂರು ಕಕ್ಷಕ. ಜನ ಎಡವುವುದು ಇಲ್ಲೇ. ಪ್ರೋಗ್ರಾಂ ಶಕ್ತಿಯ ಕ್ರಮದಲ್ಲಿ ಕಕ್ಷಕ ಆರಿಸುತ್ತದೆ, ಆದರೆ ಕೆಳಗಿನ ಪೈ ಕಕ್ಷಕ ಸಿಗ್ಮಾ ಜಾತಿಯವುಗಳ ಕೆಳಗೆ ಹುದುಗಿರುತ್ತದೆ. ಪಿ-ಝಡ್ ಗುಣಾಂಕ ಮಾತ್ರ ಇರುವ ಮೂರನ್ನು ಕೈಯಾರೆ ಹುಡುಕಿ ಕಕ್ಷಕಗಳ ಕ್ರಮ ಬದಲಿಸುವ 'ಸಾರ್ಟ್ ಎಂಓ' ಫಂಕ್ಷನ್‌ಗೆ ಕೊಡಿ. ಪೈಥಾನ್ ಎಣಿಕೆ ಸೊನ್ನೆಯಿಂದ, ಈ ಫಂಕ್ಷನ್ ಎಣಿಕೆ ಒಂದರಿಂದ. ಹಾಗಾಗಿ ಒಂದು ಕೂಡಿಸಬೇಕು. ಬೇಸಿಸ್ ಬದಲಿಸಿದರೆ ಕ್ರಮವನ್ನು ಮತ್ತೆ ನೋಡಲೇಬೇಕು. ಕೊನೆಗೆ ನ್ಯಾಚುರಲ್ ಕಕ್ಷಕಗಳಲ್ಲಿ (ಪ್ರತಿಯೊಂದರಲ್ಲೂ ಸರಾಸರಿ ಎಷ್ಟು ಎಲೆಕ್ಟ್ರಾನು ಎಂದು ತೋರಿಸುವವು) ಮೂರನೆಯದರ ಭರ್ತಿ ಸೊನ್ನೆಗೆ ಅಂಟಿಕೊಂಡೇ ಇದ್ದರೆ ತಪ್ಪು ಕಕ್ಷಕ ಆರಿಸಿದ್ದೀರಿ ಎಂದೇ ಲೆಕ್ಕ.

ಅಡ್ಡದಾರಿಯೆಂದು ಎಂಪಿ2, ಅಂದರೆ ಹಾರ್ಟ್ರಿ-ಫಾಕ್‌ನ ಮೇಲೆ ಹಾಕುವ ಸರಳ ತಿದ್ದುಪಡಿ, ಹಿಡಿಯಬೇಡಿ. ಬಂಧದ ಉದ್ದ ಚೆನ್ನಾಗಿಯೇ ಬರುತ್ತದೆ, ಆದರೆ ಅಸಮ್ಮಿತ ಹಿಗ್ಗುವಿಕೆಯ (ಒಂದು ಬಂಧ ಹಿಗ್ಗುವಾಗ ಇನ್ನೊಂದು ಕುಗ್ಗುವ ಕಂಪನದ) ಆವೃತ್ತಿ, ಅಳತೆಯಲ್ಲಿ ಪ್ರತಿ ಸೆಂಟಿಮೀಟರಿಗೆ 1042 ಇರುವುದು, 2000 ದಾಟಿ ಕೂರುತ್ತದೆ.