ದೊಡ್ಡ ಲೆವೆಲ್‌ನ ಕಾಳಗ ಎರಡೇ ರೌಂಡಿಗೆ ಮುಗಿಯದಂತೆ ಕಟ್ಟುವುದು ಹೇಗೆ?

ದಾಳ ಉರುಳಿಸಿ ಪಾತ್ರ ವಹಿಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಪಾತ್ರಗಳ ಬಲ ಐದಾರನೇ ಲೆವೆಲ್‌ ಮುಟ್ಟುವವರೆಗೆ ಪುಸ್ತಕದ ಲೆಕ್ಕ ಹಿಡಿದು ಕಾಳಗ ಕಟ್ಟಿದರೆ ಸಾಕು. 13 ದಾಟಿತೆಂದರೆ ಅದೇ ಲೆಕ್ಕ ಕೈಕೊಡುತ್ತದೆ. ತಿಂಗಳುಗಟ್ಟಲೆ ಭಯ ಹುಟ್ಟಿಸಿದ ಖಳನಾಯಕ ಬಾಯಿ ತೆರೆಯುವ ಮೊದಲೇ ನೆಲಕಚ್ಚುತ್ತಾನೆ. ಆಗ ಅನೇಕ ಡಂಜನ್ ಮಾಸ್ಟರ್‌ಗಳು (ಆಟ ನಡೆಸುವವರು) ಅವನ ಹಿಟ್ ಪಾಯಿಂಟ್ (ಜೀವದ ಅಂಕಿ) ದುಪ್ಪಟ್ಟು ಮಾಡಿಬಿಡುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಮೊದಲು ಸರಿಪಡಿಸಬೇಕಾದದ್ದು ಸರದಿ ಮತ್ತು ವಿಶ್ರಾಂತಿ. ಇಲ್ಲಿರುವ ಅಂಕಿಗಳು 2014ರ ಐದನೇ ಆವೃತ್ತಿಯವು.

ಹಂತ 1: ತಂಡದ ಏಟು ಅಳೆಯಿರಿ

ಹಿಂದಿನ ಎರಡು ಮೂರು ಕಾಳಗಗಳಲ್ಲಿ ತಂಡ ರೌಂಡಿಗೆ (ಎಲ್ಲರಿಗೂ ಒಂದೊಂದು ಸರದಿ) ಎಷ್ಟು ಡ್ಯಾಮೇಜ್ ಮಾಡಿತೆಂದು ಬರೆದುಕೊಳ್ಳಿ. ಮೊದಲ ರೌಂಡಿನ ಲೆಕ್ಕ ಬೇರೆಯೇ ಇರಲಿ, ದೊಡ್ಡ ಅಸ್ತ್ರಗಳೆಲ್ಲ ಹೊರಬೀಳುವುದು ಆಗಲೇ. ವಯಸ್ಕ ಕೆಂಪು ಡ್ರ್ಯಾಗನ್‌ಗೆ ಇರುವುದು 256 ಹಿಟ್ ಪಾಯಿಂಟ್. 17ನೇ ಲೆವೆಲ್‌ನ ವಿಝಾರ್ಡ್ (ಮಾಂತ್ರಿಕ) ಮೀಟಿಯರ್ ಸ್ವಾರ್ಮ್ ಎಂಬ ಉಲ್ಕಾಮಳೆಯ ಸ್ಪೆಲ್ (ಮಂತ್ರ) ಹಾಕಿದ, ಡ್ರ್ಯಾಗನ್‌ನ ಸೇವ್ (ಪಾರಾಗಲು ಹಾಕುವ ದಾಳ) ತಪ್ಪಿತು ಎನ್ನೋಣ. ಬೆಂಕಿಯ ಪಾಲು ಅದಕ್ಕೆ ತಾಗದಿದ್ದರೂ ಸರಾಸರಿ 70 ಹೋಯಿತು. ಫೈಟರ್ (ಯೋಧ) ಒಂದೇ ಸರದಿಯಲ್ಲಿ ಎರಡು ಸಲ ದಾಳಿ ಮಾಡಲು ಬಿಡುವ ಆ್ಯಕ್ಷನ್ ಸರ್ಜ್ ಬಳಸಿ ಬೀಸುವ ಆರು ಏಟುಗಳಲ್ಲಿ ಐದು ತಾಗಿ, ಏಟಿಗೆ 15ರಂತೆ ಹಿಡಿದರೆ ಇನ್ನೊಂದು 75. ಇನ್ನಿಬ್ಬರ ಸರದಿ ಬರುವ ಮೊದಲೇ ಅರ್ಧಕ್ಕಿಂತ ಹೆಚ್ಚು ಜೀವ ಖಾಲಿ.

ಹಂತ 2: ಒಂಟಿ ಶತ್ರುವನ್ನು ಇಳಿಸಬೇಡಿ

ನಾಲ್ವರ ಎದುರು ಒಬ್ಬನೇ ನಿಂತರೆ ಅವನ ಮೂರು ಲೆಜೆಂಡರಿ ಆ್ಯಕ್ಷನ್‌ಗಳೂ (ಬೇರೆಯವರ ಸರದಿ ಮುಗಿದಾಗ ಸಿಗುವ ಹೆಚ್ಚುವರಿ ನಡೆಗಳು) ಸಾಲುವುದಿಲ್ಲ. ಲೆಜೆಂಡರಿ ರೆಸಿಸ್ಟನ್ಸ್ (ತಪ್ಪಿದ ಸೇವ್ ಗೆದ್ದಂತೆ ಮಾಡುವ ಶಕ್ತಿ) ಇದೆಯಲ್ಲ ಎಂದು ನಂಬಿ ಕೂರುವಂತೆಯೂ ಇಲ್ಲ, ಅದು ಕೆಲಸ ಮಾಡುವುದು ಸೇವ್ ತಪ್ಪಿದಾಗ ಮಾತ್ರ. ಫೋರ್ಸ್‌ಕೇಜ್ ಎಂಬ ಮಾಯಾ ಪಂಜರದ ಸ್ಪೆಲ್ ಬೀಳುವಾಗ ಸೇವ್ ಎಂಬುದೇ ಇಲ್ಲ. 15 ಅಡಿ ಜಾಗ ಹಿಡಿಯುವ ಡ್ರ್ಯಾಗನ್ 20 ಅಡಿಯ ಪಂಜರದಲ್ಲಿ ಒಂದು ಗಂಟೆ ಸಿಕ್ಕಿಬಿದ್ದಿರುತ್ತದೆ.

ಆದ್ದರಿಂದ ಒಟ್ಟು ಹಿಟ್ ಪಾಯಿಂಟ್‌ನಲ್ಲಿ ಅರ್ಧವನ್ನಷ್ಟೇ ನಾಯಕನಿಗೆ ಕೊಡಿ. ಉಳಿದರ್ಧವನ್ನು ಇಬ್ಬರು ಗಟ್ಟಿ ಸಹಾಯಕರಿಗೂ ನಾಲ್ಕೈದು ಬಂಟರಿಗೂ ಹಂಚಿ. ಸಹಾಯಕರಲ್ಲೊಬ್ಬ ಕೌಂಟರ್‌ಸ್ಪೆಲ್ (ಎದುರಾಳಿಯ ಸ್ಪೆಲ್ ತಡೆಯುವ ಸ್ಪೆಲ್) ಬಲ್ಲವನಾಗಿರಲಿ. ಅದು 60 ಅಡಿಯೊಳಗೆ, ಕಣ್ಣಿಗೆ ಕಾಣುವ ಮಾಂತ್ರಿಕನ ಮೇಲಷ್ಟೇ ನಡೆಯುತ್ತದೆ, ಹಾಗಾಗಿ ಅವನನ್ನು ಕಂಬದ ಮರೆಯಲ್ಲಿ ಬಚ್ಚಿಟ್ಟರೆ ಪ್ರಯೋಜನವಿಲ್ಲ. ಬಂಟರು ಲೆಕ್ಕಕ್ಕಿಲ್ಲ ಎನ್ನಬೇಡಿ. ಎಸಿ (ಏಟು ತಾಗಲು ಮುಟ್ಟಬೇಕಾದ ಅಂಕಿ) 20 ಇರುವವನಿಗೂ, ದಾಳಕ್ಕೆ +7 ಸೇರಿಸುವ ಬಂಟನ ಏಟು 20 ಮುಖದ ದಾಳದಲ್ಲಿ 13 ಅಥವಾ ಹೆಚ್ಚು ಬಿದ್ದರೆ ತಾಗುತ್ತದೆ, ಅಂದರೆ ನೂರಕ್ಕೆ 40 ಸಲ. ಅವರನ್ನು ಒಂದೇ ಕಡೆ ಗುಂಪುಗೂಡಿಸಬೇಡಿ. ಫೈರ್‌ಬಾಲ್ 40 ಅಡಿ ಅಗಲದ ವೃತ್ತವನ್ನು ಒಮ್ಮೆಗೇ ಸುಡುತ್ತದೆ.

ಹಂತ 3: ನಿದ್ದೆಗೆ ಬೆಲೆ ಕಟ್ಟಿ

ನಿಯಮಗಳು ಊಹಿಸಿಕೊಂಡಿರುವುದು ದಿನಕ್ಕೆ ಆರರಿಂದ ಎಂಟು ಕಾಳಗ, ನಡುವೆ ಎರಡು ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ). ದಿನಕ್ಕೆ ಒಂದೇ ಕಾಳಗ ಆಡಿಸಿದರೆ ವಿಝಾರ್ಡ್ ಮಲಗೆದ್ದರೆ ಮತ್ತೆ ಸಿಗುವ 6ರಿಂದ 9ನೇ ಮಟ್ಟದ ಸ್ಪೆಲ್‌ಗಳನ್ನೆಲ್ಲ ಅದರಲ್ಲೇ ಸುರಿಯುತ್ತಾನೆ, ಫೈಟರ್ ನೋಡುತ್ತ ನಿಲ್ಲುತ್ತಾನೆ. ಎಂಟು ಕಾಳಗಕ್ಕೆ ಯಾರಿಗೂ ಪುರುಸೊತ್ತಿಲ್ಲ, ನಿಜ. ಮೂರಾದರೂ ಇಡಿ. ಎಂಟು ಗಂಟೆ ಮಲಗಿದರೆ ಏನೋ ಕೈತಪ್ಪುತ್ತದೆ ಎಂಬುದು ಆಟಗಾರರಿಗೆ ಮೊದಲೇ ಗೊತ್ತಿರಲಿ: ಸೆರೆಯಾಳನ್ನು ಸಾಗಿಸುತ್ತಾರೆ, ಬಾಗಿಲು ಮುಚ್ಚುತ್ತದೆ, ಯಜ್ಞ ಮುಗಿಯುತ್ತದೆ.

ಹಂತ 4: ಸೇವ್‌ಗಳನ್ನು ಪರೀಕ್ಷಿಸಿ

ಮುಪ್ಪಿನ ಕೆಂಪು ಡ್ರ್ಯಾಗನ್ ಹುಟ್ಟಿಸುವ ಭಯದ ಡಿಸಿ (ಸೇವ್ ಆಗಲು ಮುಟ್ಟಬೇಕಾದ ಅಂಕಿ) 21. ವಿಸ್ಡಮ್ (ವಿವೇಕ) 10 ಇರುವ, ಆ ಸೇವ್‌ನಲ್ಲಿ ಪ್ರಾವೀಣ್ಯ ಇಲ್ಲದ, ಹಾಗಾಗಿ ದಾಳಕ್ಕೆ ಏನೂ ಸೇರದ ಫೈಟರ್‌ಗೆ 20 ಬಿದ್ದರೂ ಸೇವ್ ಆಗುವುದಿಲ್ಲ. ಒಂದು ನಿಮಿಷ, ಅಂದರೆ ಹತ್ತು ರೌಂಡ್, ಅವನು ಡ್ರ್ಯಾಗನ್ ಹತ್ತಿರ ಹೋಗಲಾರ. ಆಟಗಾರನ ಮಟ್ಟಿಗೆ ಇದಕ್ಕಿಂತ ಬೇಸರದ ಸಂಜೆ ಇನ್ನೊಂದಿಲ್ಲ. ಕಾಳಗದ ಹಿಂದಿನ ದಿನ ಪ್ರತಿ ಪಾತ್ರದ ಅತಿ ದುರ್ಬಲ ಸೇವ್ ನೋಡಿಕೊಳ್ಳಿ. ಹೀರೋಸ್ ಫೀಸ್ಟ್ ಎಂಬ ಔತಣದ ಸ್ಪೆಲ್ ಹಾಕಬಲ್ಲ ಕ್ಲೆರಿಕ್ (ದೈವಶಕ್ತಿಯ ಪೂಜಾರಿ) ಇದ್ದರೆ ಅದಕ್ಕೆ ಬೇಕಾದ ಸಾವಿರ ಚಿನ್ನದ ನಾಣ್ಯ ಬೆಲೆಯ ಬಟ್ಟಲು ದಾರಿಯಲ್ಲೆಲ್ಲೋ ಸಿಗಲಿ, ಭಯದ ಕಾಟ ಇಡೀ ದಿನ ತಪ್ಪುತ್ತದೆ.

ಹಂತ 5: ಅಂಕಿ ಮುಟ್ಟುವುದು ಈಗ

ಎಸಿ ಏರಿಸಬೇಡಿ. ಅದರ ಪೆಟ್ಟು ಬೀಳುವುದು ಕತ್ತಿ ಹಿಡಿದವರಿಗೆ, ಸೇವ್ ಕೇಳುವ ಸ್ಪೆಲ್‌ಗಳಿಗೆ ಏನೂ ಆಗುವುದಿಲ್ಲ. ಹಿಟ್ ಪಾಯಿಂಟ್ ಬೇಕೇ ಬೇಕೆಂದರೆ ದಾಳಗಳ ಗರಿಷ್ಠ ಮೊತ್ತ ತೆಗೆದುಕೊಳ್ಳಿ: ಆ ವಯಸ್ಕ ಕೆಂಪು ಡ್ರ್ಯಾಗನ್‌ನದು 19ಡಿ12 (12 ಮುಖದ 19 ದಾಳ) ಮತ್ತು 133, ಗರಿಷ್ಠ 361. ಅದಕ್ಕೂ ಮೇಲೆ ಹೋದರೆ ಕಾಳಗ ಬರೀ ಎಳೆದಾಟ. ಅಂದಾಜು ತಪ್ಪಬಹುದು ಎನಿಸಿದರೆ ಬಂಟರಲ್ಲಿ ಅರ್ಧ ಜನರನ್ನು ಮೂರನೇ ರೌಂಡಿಗೆ ಉಳಿಸಿಕೊಳ್ಳಿ. ತಂಡ ಸೋಲುತ್ತಿದ್ದರೆ ಅವರು ಬರುವುದೇ ಬೇಡ.