ಗಣಪನಿಗಿಂತ ಮೊದಲು ಅವನಮ್ಮನನ್ನು ಕರೆಯಿರಿ

ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಗೆ ಹೊಸದಾಗಿ ಬಂದವರೇ, ಊರಿನ ಕ್ಯಾಲೆಂಡರ್ ನೋಡಿ ಹಬ್ಬಕ್ಕೆ ರಜೆ ಹಾಕಬೇಡಿ. 2025ರಲ್ಲಿ ಬೆಂಗಳೂರಿನ ಚೌತಿ ಆಗಸ್ಟ್ 27, ಬುಧವಾರ. ತಿಥಿ ಶುರುವಾದದ್ದು ಅಲ್ಲಿ 26ರ ಮಧ್ಯಾಹ್ನ. ಇಲ್ಲಿ ಆಗಿನ್ನೂ 26ರ ಬೆಳಗಿನ ಜಾವ. ಗಣಪನ ಪೂಜೆಗೆ ನಡುಮಧ್ಯಾಹ್ನ ಚೌತಿ ಇರಬೇಕಲ್ಲ, ಹಾಗಾಗಿ ಇಲ್ಲಿ ಹಬ್ಬ ಮಂಗಳವಾರವೇ ಆಯಿತು, ಗೌರಿ ಸೋಮವಾರ. ಯಾವ ದಿನ ಅಂತ ಮನೆಯಲ್ಲಿ ಮೊದಲೇ ತೀರ್ಮಾನ ಮಾಡಿಕೊಳ್ಳಿ, ಅತ್ತೆಗೂ ಫೋನ್ ಮಾಡಿ ಹೇಳಿಬಿಡಿ. ಹಾಲ್, ಪರ್ಮಿಟ್ಟು ಇತ್ಯಾದಿ ಹಳಬರನ್ನು ಕೇಳಿದರೆ ಆಗುತ್ತದೆ.

ನಾವೆಲ್ಲ ಕೆಟ್ಟದ್ದು ಶನಿವಾರದಿಂದ. ಎಲ್ಲರಿಗೂ ಅನುಕೂಲ ಅಂತ ಹಬ್ಬವನ್ನು ವಾರಾಂತ್ಯಕ್ಕೆ ತಳ್ಳಿದೆವು. ತಳ್ಳುವಾಗ ಮೊದಲು ಉದುರಿದವಳು ಗೌರಿ. ಭಾರತೀಯರೆಲ್ಲ ಸೇರಿದ ಕಮಿಟಿಯಲ್ಲಿ ಅವಳ ಪರ ಮಾತಾಡುವವರು ಕಡಿಮೆ. ಮರಾಠಿಗರ ಮನೆಗೆ ಗೌರಿ ಬರುವುದೇ ಗಣಪ ಕೂತು ಕೆಲವು ದಿನವಾದ ಮೇಲೆ. ಗಣಪನಿಗೇನು, ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ 1977ರಿಂದ ಸ್ವಂತ ದೇವಸ್ಥಾನವಿದೆ, ಕೆಳಗೆ ದೋಸೆ ಕ್ಯಾಂಟೀನಿದೆ, 2022ರಿಂದ ಅದಿರುವ ಬೌನ್ ಸ್ಟ್ರೀಟಿಗೆ ಅವನ ದೇವಸ್ಥಾನದ ಹೆಸರೂ ಇದೆ. ಅವನು ನೆಲೆನಿಂತವನು. ಅವಳನ್ನು ಹಿಂದಿನ ದಿನ ಕರೆಯಬೇಕಾದವರು ನಾವೇ.

ಬಾಗಿನಕ್ಕೆ ಬಿದಿರಿನ ಮೊರ ಸಿಗಲಿಲ್ಲವೆಂದು ಕೈಬಿಡಬೇಡಿ. ಎರಡು ತಟ್ಟೆ ಸಾಕು, ಒಂದರ ಮೇಲೊಂದು ಮುಚ್ಚಿ. ಅರಿಶಿನ, ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಕಾಯಿ, ಬೆಲ್ಲ. ಅಕ್ಕಿ ಬೇಳೆ ಇಲ್ಲೇ ಕೊಳ್ಳಿ. 16 ಗಂಟಿನ ದಾರಕ್ಕೆ ಮನೆಯ ನೂಲಿಗೆ ಅರಿಶಿನ ಹಚ್ಚಿದರಾಯಿತು. ತವರಿನ ಬಾಗಿನ ಮಾತ್ರ ಇಲ್ಲಿ ಬರುವುದಿಲ್ಲ. "ಅಕೌಂಟಿಗೆ ಹಾಕಿದೀನಿ, ಸೀರೆ ತಗೊಳ್ಳೇ" ಅನ್ನುತ್ತಾರೆ ಅಮ್ಮ. ಆ ದುಡ್ಡು ಊರಿನ ಬ್ಯಾಂಕಿನಲ್ಲೇ ಬೆಳೆಯುತ್ತಿರುತ್ತದೆ. ನಿಮಗಿಂತ ಹಿರಿಯರೊಬ್ಬರನ್ನು ಹತ್ತಿರದಲ್ಲೇ ಹುಡುಕಿ ಬಾಗಿನ ಕೊಡಿ. ಅವರ ಮಗಳೂ ಎಲ್ಲೋ ಕ್ಯಾಲಿಫೋರ್ನಿಯಾದಲ್ಲಿರುತ್ತಾಳೆ.

ಮಕ್ಕಳಿಗೆ ಸೊಂಡಿಲಿನ ಕತೆ ಕಾರ್ಟೂನಿನಲ್ಲೇ ಗೊತ್ತು. ಗೌರಿ ತವರಿಗೆ ಬಂದಿದ್ದಾಳೆ, ಮಾರನೇ ದಿನ ಮಗ ಕರೆದೊಯ್ಯಲು ಬರುತ್ತಾನೆ ಎಂಬುದನ್ನು ನೀವೇ ಹೇಳಬೇಕು. ಎರಡು ವರ್ಷಕ್ಕೊಮ್ಮೆ ಸೂಟ್‌ಕೇಸ್ ತೂಕ ಮಾಡುವ ಅಮ್ಮನನ್ನು ನೋಡಿದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ನಮಗೆ ಹೇಳುವಾಗ ಗಂಟಲು ಸ್ವಲ್ಪ ಕಟ್ಟುತ್ತದೆ, ಅಷ್ಟೇ.

ಗರಿಕೆಗೆ ಅಲೆಯಬೇಡಿ. ಇಲ್ಲಿಯವರು ಬರ್ಮುಡಾ ಗ್ರಾಸ್ ಅನ್ನುವುದು ಅದನ್ನೇ. ಕೆಲವರು ಕಳೆ ಅಂತ ಔಷಧಿ ಹೊಡೆಯುತ್ತಾರೆ, ಅಂಥ ಲಾನಿನದು ಬೇಡ. ಕಡುಬಿಗೆ ಫ್ರೋಜನ್ ಕಾಯಿತುರಿಯ ನೀರು ಹಿಂಡಿ ಹೂರಣ ಮಾಡಿ, ಇಲ್ಲದಿದ್ದರೆ ಇಡ್ಲಿ ಪಾತ್ರೆಯಲ್ಲೇ ಬಾಯಿಬಿಡುತ್ತವೆ. ಕರ್ಪೂರ ಹಚ್ಚುವ ಮುಂಚೆ ಕಿಟಕಿ ತೆಗೆಯಿರಿ.

ಬಣ್ಣವಿಲ್ಲದ ಜೇಡಿಮಣ್ಣಿನ ಗಣಪನನ್ನೇ ತನ್ನಿ, ಪಾರ್ಕಿನ ಕೆರೆಯ ಸಹವಾಸ ಬೇಡ. ಹಿತ್ತಿಲಲ್ಲಿ ಬಕೆಟ್ ಇಟ್ಟು ತಾಯಿ ಮಗ ಇಬ್ಬರನ್ನೂ ಒಟ್ಟಿಗೇ ಬಿಡಿ. ಕರಗಿದ ಮೇಲೆ ಆ ನೀರನ್ನು ಮಲ್ಲಿಗೆ ಕುಂಡಕ್ಕೆ ಹಾಕಿ, ಕುಂಡವನ್ನು ಅಕ್ಟೋಬರಿನ ಚಳಿಗೆ ಮುಂಚೆ ಒಳಗೆ ತರಬೇಕು.